ಬಳೆಗಾರ್ತಿಗೆ ಕೆಲಸ ಹುಡುಕಿದ ಆಪ್

"ಗುರುಗಳೇ, ಇನ್ನೊಬ್ಬರ ಬದುಕಿಗೆ ನೆರವಾದೆ ಎಂದು ಹೆಮ್ಮೆಪಡುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

"ತಪ್ಪಲ್ಲ. ಆದರೆ ಯಾವುದಕ್ಕೆ ಹೆಮ್ಮೆಪಡಬೇಕೆಂದು ತಿಳಿದಿರಬೇಕು" ಎಂದ ಗುರುಗಳು ಈ ಕತೆ ಹೇಳಿದರು.

ಒಬ್ಬ ಎಂಜಿನಿಯರ್ ಇದ್ದ. ಅವನ ತಂದೆ ದುಡಿಯುತ್ತಿದ್ದ ನೂಲಿನ ಗಿರಣಿ ಮುಚ್ಚಿಹೋಗಿತ್ತು. ಆಮೇಲೆ ತಂದೆ ಹದಿನಾರು ವರ್ಷ ಬದುಕಿದ್ದರು, ಬೇರೆ ಕೆಲಸಕ್ಕೆ ಹೋಗಲಿಲ್ಲ. "ನನಗೆ ಬೇರೇನು ಬರುತ್ತದೆ?" ಎನ್ನುತ್ತಿದ್ದರು. ಅಂಥವರಿಗೆ ಹೊಸ ಕೆಲಸ ತೋರಿಸುವ ಒಂದು ಆಪ್ ಮಾಡಬೇಕೆಂದು ಮಗ ಹೊರಟ.

ಎರಡು ವರ್ಷ ದುಡಿದ. ಮುನ್ನೂರು ಉದ್ಯೋಗಗಳನ್ನು ಸೇರಿಸಿದ. ಒಂದೊಂದಕ್ಕೂ ಬೇಕಾದ ಕೌಶಲಗಳ ಪಟ್ಟಿ ಮಾಡಿದ. ಜನ ತಮಗೆ ಬರುವುದಕ್ಕೆ ಗುರುತು ಹಾಕಿದರೆ ಸಾಕು, ಯಾವ ಕೆಲಸಕ್ಕೆ ಹೋಗಬಹುದೆಂದು ಆಪ್ ಹೇಳುತ್ತಿತ್ತು. ನೋಡಿದವರೆಲ್ಲ ಹೊಗಳಿದರು. ಅವನೂ ಬೀಗಿದ.

ಎಲ್ಲರಿಗೂ ಕೊಡುವ ಮೊದಲು ಒಮ್ಮೆ ಜನರ ಕೈಯಲ್ಲಿಟ್ಟು ನೋಡೋಣವೆಂದು ಒಂದು ಸಣ್ಣ ಪಟ್ಟಣಕ್ಕೆ ಹೋದ. ಅಲ್ಲಿ ಮೊದಲು ಬಂದವಳು ಚಾಂದಬಿ ಎಂಬ ಬಳೆಗಾರ್ತಿ. ಮೂವತ್ತು ವರ್ಷದಿಂದ ಗಾಜಿನ ಬಳೆ ತೊಡಿಸುತ್ತಿದ್ದಳು. ಈಗ ತೊಡುವವರೇ ಕಡಿಮೆಯಾಗಿದ್ದರು. ಇಡೀ ದಿನ ಅಂಗಡಿಯಲ್ಲಿ ಕುಳಿತರೂ ಎರಡು ಮೂರು ಜನ ಕೈ ನೀಡಿದರೆ ಹೆಚ್ಚು. ಗಂಡ ತೀರಿಕೊಂಡಿದ್ದ. ಮನೆ ನಡೆಯಬೇಕಾದದ್ದು ಅವಳೊಬ್ಬಳಿಂದ.

ಎಂಜಿನಿಯರ್ ಪಟ್ಟಿ ಓದುತ್ತಾ ಹೋದ. ಕಂಪ್ಯೂಟರ್ ಬರುತ್ತದೆಯೇ? ಇಲ್ಲ. ಹೊಲಿಗೆ? ಇಲ್ಲ. ಗಾಡಿ ಓಡಿಸುವುದು? ಇಲ್ಲ. ನಲವತ್ತು ಸಲ ಚಾಂದಬಿ ತಲೆ ಅಲ್ಲಾಡಿಸಿದಳು. ಕೊನೆಗೆ ಆಪ್ ಹೇಳಿತು: ನಿಮಗೆ ಹೊಂದುವ ಕೆಲಸ ಸಿಗಲಿಲ್ಲ.

ಚಾಂದಬಿ ಎದ್ದು ಸೆರಗು ಸರಿ ಮಾಡಿಕೊಂಡಳು.

"ತಮ್ಮಾ, ಈ ಊರಿನಲ್ಲಿ ನಾನು ಹಿಡಿಯದ ಕೈ ಇಲ್ಲ. ಇಷ್ಟು ವರ್ಷದಲ್ಲಿ ಒಬ್ಬ ಹೆಣ್ಣುಮಗಳ ಕೈಗೂ ಗಾಜು ತಾಗಿ ರಕ್ತ ಬಂದಿಲ್ಲ. ನಿನ್ನ ಫೋನು ಅದನ್ನು ಕೇಳಲೇ ಇಲ್ಲವಲ್ಲ" ಎಂದಳು. ತಲೆ ಎತ್ತಿಕೊಂಡೇ ಹೊರಗೆ ನಡೆದಳು.

ತಂದೆಯೇ ಎದುರಿಗೆ ಕುಳಿತಿದ್ದರೂ ಈ ಆಪ್ ಅವರಿಗೂ ಇದನ್ನೇ ಹೇಳುತ್ತಿತ್ತು ಎಂದು ಎಂಜಿನಿಯರ್‌ಗೆ ಅನಿಸಿತು. ಅವನಿಗೆ ನಾಚಿಕೆಯಾಯಿತು.

ಮರುದಿನ ಅವಳ ಅಂಗಡಿಗೆ ಹೋದ. ಇಲ್ಲಿ ಕುಳಿತು ನೋಡಲೇ ಎಂದು ಕೇಳಿದ. ನಾಲ್ಕು ದಿನ ಕುಳಿತ. ಎರಡನೆಯ ದಿನ ಒಬ್ಬ ಮುದುಕಿ ಬಂದಳು. ಗಂಟುಗಂಟಾದ ಬೆರಳುಗಳು. ಮೊಮ್ಮಗಳ ಮದುವೆಗೆ ಹಸಿರು ಬಳೆ ಬೇಕಾಗಿತ್ತು. ಈ ಕೈಗೆ ಆಗದು ಎಂದು ಬೇರೆ ಅಂಗಡಿಯವರು ಕಳಿಸಿಬಿಟ್ಟಿದ್ದರು. ಚಾಂದಬಿ ಬಳೆ ಮುಟ್ಟಲಿಲ್ಲ. ಮುದುಕಿಯ ಕೈ ಹಿಡಿದು ಹೆಬ್ಬೆರಳ ಬುಡವನ್ನು ಮೆಲ್ಲಗೆ ಒತ್ತುತ್ತಾ ಮದುಮಗನ ವಿಷಯ ಕೇಳಿದಳು. ಅವನ ಮೀಸೆಯ ಮಾತು ಬಂತು. ಮುದುಕಿ ನಕ್ಕಳು. ನಕ್ಕು ಮುಗಿಸುವಷ್ಟರಲ್ಲಿ ಬಳೆ ಮಣಿಕಟ್ಟಿನಲ್ಲಿತ್ತು.

ಎಂಜಿನಿಯರ್ ಊರಿಗೆ ಮರಳಿ ಮುನ್ನೂರು ಪಟ್ಟಿಗಳನ್ನೂ ಅಳಿಸಿಹಾಕಿದ. "ಎರಡು ವರ್ಷದ ಕೆಲಸ, ನಿನಗೆ ತಲೆ ಕೆಟ್ಟಿದೆಯೇ?" ಎಂದು ಗೆಳೆಯ ರೇಗಿದ. ಅವನು ಮತ್ತೆ ಮೊದಲಿನಿಂದ ಶುರುಮಾಡಿದ. ಹೊಸ ಆಪ್‌ನಲ್ಲಿ ಒಂದೇ ಪ್ರಶ್ನೆ ಇತ್ತು: ನಿಮ್ಮ ಕೆಲಸದ ಒಂದು ದಿನ ಹೇಗಿರುತ್ತದೆ, ಹೇಳಿ. ಬರೆಯಬೇಕಾಗಿರಲಿಲ್ಲ, ತಮ್ಮ ಮಾತಿನಲ್ಲೇ ಹೇಳಬಹುದಿತ್ತು. ಕೆಲಸ ಕೊಡುವವರನ್ನೂ ಹಾಗೆಯೇ ಕೇಳಿತು: ನಿಮ್ಮಲ್ಲಿಗೆ ಬರುವವರು ದಿನವಿಡೀ ಏನು ಮಾಡಬೇಕು, ಹೇಳಿ. ಇದಕ್ಕೆ ಇನ್ನೊಂದು ವರ್ಷ ಹಿಡಿಯಿತು.

ಸಿದ್ಧವಾದ ದಿನ ಅದನ್ನು ಚಾಂದಬಿಯ ಮುಂದಿಟ್ಟ. ಅವಳು ಅರ್ಧ ಗಂಟೆ ಮಾತಾಡಿದಳು. ಆಪ್ ಒಂದು ಆಸ್ಪತ್ರೆಯನ್ನು ತೋರಿಸಿತು. ಲಕ್ವ ಹೊಡೆದವರ ಕೈಗೆ ಮತ್ತೆ ಚಲನೆ ತರಿಸುವ ವಿಭಾಗ ಅದು. ಅಲ್ಲಿನ ವೈದ್ಯೆ ಹೀಗೆ ಹೇಳಿದ್ದರು: ಬಿಗಿದ ಬೆರಳುಗಳನ್ನು ನೋಯಿಸದೆ ಬಿಡಿಸಬೇಕು, ರೋಗಿ ಹೆದರಿ ಕೈ ಎಳೆದುಕೊಳ್ಳದ ಹಾಗೆ ಮಾತಾಡಿಸುತ್ತಿರಬೇಕು.

ಬಳೆಗಾರ್ತಿಗೆ ಇಲ್ಲೇನು ಕೆಲಸ ಎಂದು ವೈದ್ಯೆಗೆ ಅನುಮಾನ. ಆದರೂ ಕರೆಸಿದರು. ಒಬ್ಬ ಬಡಗಿಯನ್ನು ತೋರಿಸಿದರು. ಐದು ತಿಂಗಳಿಂದ ಅವನ ಬಲಗೈ ಮುಷ್ಟಿ ಕಟ್ಟಿತ್ತು. ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಚಾಂದಬಿ ಅವನೆದುರು ಕುಳಿತು, ಮಗಳ ಮದುವೆಗೆ ಮಂಚ ಮಾಡಿಸಬೇಕು, ಯಾವ ಮರ ಒಳ್ಳೆಯದು ಎಂದು ಕೇಳಿದಳು. ಅವನು ತೇಗದಿಂದ ಶುರುಮಾಡಿದ. ಬೀಟೆಗೆ ಬರುವ ಹೊತ್ತಿಗೆ ಅವನ ಕೈ ಅವಳ ಕೈಯಲ್ಲಿತ್ತು. ಆ ದಿನ ಎರಡೇ ಬೆರಳು ಬಿಚ್ಚಿಕೊಂಡವು. ಆದರೆ ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ನಾಳೆಯಿಂದ ಬನ್ನಿ, ಉಳಿದದ್ದನ್ನು ನಾನು ಕಲಿಸುತ್ತೇನೆ" ಎಂದರು ವೈದ್ಯೆ.

ಎರಡು ವರ್ಷದ ಮೇಲೆ ಆಸ್ಪತ್ರೆಯವರು ಚಾಂದಬಿಗೆ ಸನ್ಮಾನ ಮಾಡಿದರು. ಗುಣವಾದವರೆಲ್ಲ ಬಂದಿದ್ದರು. ಬಡಗಿ ತನ್ನ ಬಲಗೈಯಿಂದಲೇ ಹಾರ ಎತ್ತಿಕೊಟ್ಟ. ಎಂಜಿನಿಯರ್ ಕೊನೆಯ ಸಾಲಿನಲ್ಲಿ ಕುಳಿತಿದ್ದ. ಎರಡು ಮಾತಾಡಿ ಎಂದು ಚಾಂದಬಿಗೆ ಮೈಕು ಕೊಟ್ಟರು.

"ನಾನು ಬಳೆಗಾರ್ತಿ" ಎಂದಳು ಅವಳು. "ಈ ಕೆಲಸ ನನಗೆ ಯಾರೂ ದಾನ ಕೊಟ್ಟದ್ದಲ್ಲ. ಮೂವತ್ತು ವರ್ಷ ನನ್ನ ಕೈ ಕಲಿತದ್ದೇ ನನ್ನನ್ನು ಇಲ್ಲಿಗೆ ಕರೆತಂತು."

ಸಭೆ ಎದ್ದು ನಿಂತಿತು. ಎಂಜಿನಿಯರ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಅವನ ಕಣ್ಣು ತುಂಬಿತ್ತು. ಯಾರೊಂದಿಗೂ ಮಾತಾಡದೆ ಮನೆಗೆ ಹೋದ. ಅಷ್ಟು ಹೆಮ್ಮೆ ಅವನಿಗೆ ಬದುಕಿನಲ್ಲಿ ಹಿಂದೆಂದೂ ಆಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಅಷ್ಟು ಜನರ ಮುಂದೆ ಅವಳು ಆಪ್‌ನ ಹೆಸರೆತ್ತಲಿಲ್ಲ. ಅವನನ್ನು ನೆನೆಯಲೂ ಇಲ್ಲ. ಯಾರೂ ಕೊಟ್ಟದ್ದಲ್ಲ ಎಂದುಬಿಟ್ಟಳು. ಅವನು ಹೆಮ್ಮೆಪಡುವಂಥದ್ದು ಅಲ್ಲಿ ಏನಿತ್ತು, ಗುರುಗಳೇ?"

"ಯಾರೂ ಕೊಟ್ಟದ್ದಲ್ಲ ಎಂದಳಲ್ಲ, ಅದೇ" ಎಂದರು ಗುರುಗಳು.