ಉಸುಕಿನ ಹಾದಿಯ ನಾಲ್ಕನೇ ಕಲ್ಲು

ಒಂದಾನೊಂದು ಊರು. ಊರ ಮುಂದೆ ಬಾವಿ, ಊರ ಹಿಂದೆ ಉಸುಕು. ಎಂಥ ಉಸುಕು ಅಂತೀರಿ? ಹೊತ್ತು ಹುಟ್ಟುವಾಗ ಹೊರಟವರಿಗೆ ಹೊತ್ತು ಮುಳುಗುವಾಗ ಆಚೆಯ ಊರು ಸಿಗಬೇಕು, ಅಷ್ಟು ದೂರ. ನಡುವೆ ಗಿಡವಿಲ್ಲ, ಹನಿ ನೀರಿಲ್ಲ. ಇಟ್ಟ ಹೆಜ್ಜೆಯನ್ನು ತಿರುಗಿ ನೋಡುವಷ್ಟರಲ್ಲಿ ಗಾಳಿ ಅಳಿಸಿಬಿಡುತ್ತಿತ್ತಂತೆ.

ಅದಕ್ಕೇ ಹಿರಿಯರು ಆ ಉಸುಕಿನಲ್ಲಿ ಏಳು ಬಿಳಿ ಕಲ್ಲು ನೆಟ್ಟಿದ್ದರು. ಒಂದರ ಹತ್ತಿರ ನಿಂತರೆ ಮುಂದಿನದು ಬಿಸಿಲಿಗೆ ಹೊಳೆದು ಕಾಣಬೇಕು, ಹಾಗೆ. ಹೋಗುವವರು ಬರುವವರು ಪ್ರತಿ ಕಲ್ಲಿಗೂ ಕೈಯಿಟ್ಟು, "ಶಿವನೇ, ಅದೀಯೇನಪ್ಪಾ?" ಎಂದು ಕೂಗಿ ಕೇಳಬೇಕು. ಶಿವನ ಪರವಾಗಿ ತಾವೇ "ಅದೀನಿ, ನಡಿ" ಅನ್ನಬೇಕು. ಆಮೇಲೆ ಹೆಜ್ಜೆ ಕೀಳಬೇಕು. ಅದು ಆ ಸೀಮೆಯ ಪದ್ಧತಿ.

ಆ ಊರಲ್ಲಿ ಭರಮಪ್ಪ ಅಂತ ಒಬ್ಬ ಶಿವಭಕ್ತ ಇದ್ದನಂತೆ. ಮಗಳು ನಿಂಗವ್ವನನ್ನು ಉಸುಕಿನಾಚೆಯ ಊರಿಗೆ ಮದುವೆ ಮಾಡಿಕೊಟ್ಟ. ಬೀಳ್ಕೊಡುವಾಗ ಅವಳು, "ಯಪ್ಪಾ, ಯುಗಾದಿ ಮುಂಚಿನ ದಿನ ನಾನೇ ಹೊಂಡ್ತೀನಿ, ಕರಿಯಾಕ ಬರಬ್ಯಾಡ" ಅಂದಿದ್ದಳು.

ಅವಳನ್ನು ಆ ಊರಿಗೆ ಮುಟ್ಟಿಸಿ ಮರಳಿ ಬರುವಾಗ ಭರಮಪ್ಪ ನಾಲ್ಕನೇ ಕಲ್ಲನ್ನು ನೋಡಿದ. ಗಾಳಿ ಉಜ್ಜಿ ಉಜ್ಜಿ ಅದು ಥೇಟ್ ಲಿಂಗದ ಹಾಗೆ ನುಣ್ಣಗಾಗಿತ್ತು. ನೆತ್ತಿ ಸುಡುವ ಬಿಸಿಲು. "ನನ್ನಪ್ಪಾ, ನಿನಗ ನೆರಳಿಲ್ಲ, ನೀರಿಲ್ಲ, ಒಂದು ಪತ್ರಿ ಎಲಿ ಇಲ್ಲ" ಎಂದು ಮರುಗಿದ. ಕಿತ್ತು, ಬೆನ್ನಿಗೆ ಕಟ್ಟಿಕೊಂಡು ಮನೆಗೆ ತಂದ. ಅಂಗಳದಲ್ಲಿ ಚಪ್ಪರ ಹಾಕಿ ಕೂರಿಸಿದ. ದಿನಾ ನೀರು, ದಿನಾ ಪತ್ರಿ. ಊರವರೂ ಬಂದು ಕೈಮುಗಿದರು. ಹಾದಿಯ ನೆನಪು ಯಾರಿಗೂ ಬರಲಿಲ್ಲ.

ಯುಗಾದಿ ಎದುರಿಗೆ ಬಂತು. ಒಂದು ಮುಂಜಾನೆ ಚಪ್ಪರದ ಕೆಳಗೆ ಒಂದು ಮುದಿ ಉಡ ಬಂದು ಕೂತಿತ್ತಂತೆ.

"ಭರಮಪ್ಪಾ, ನನ್ನ ನೆರಳು ಕೊಡು" ಅಂತು ಉಡ.

"ನಿನ್ನ ನೆರಳು ನನ್ನ ಕಡೆ ಎಲ್ಲೈತಿ?"

"ಈ ಕಲ್ಲಿನ ಬುಡದಾಗ ನಮ್ಮಜ್ಜ ಮುತ್ತಜ್ಜ ಬಾಳ್ವಿ ಮಾಡ್ಯಾರ. ನಿನ್ನ ಭಕ್ತಿಗೆ ನನ್ನ ಮನಿ ಹೋತು. ಇರಲಿ, ನಾನು ಬರೇ ಉಡ. ಮೊನ್ನೆ ಬಳೆಗಾರ ಒಬ್ಬ ಅಲ್ಲೀತನ ಬಂದು, ಮುಂದಿನ ಕಲ್ಲು ಕಾಣದೇ, ಗಾಣದೆತ್ತಿನಂಗ ಸುತ್ತಿ, ಜೀವ ಉಳಿಸಿಕೊಂಡು ತಿರುಗಿ ಹೋದ. ನಾಳೆ ಆ ಹಾದಿಗೆ ಯಾರು ಬರ್ತಾರ, ಗೊತ್ತೈತಲ್ಲ?"

ಬೀಳ್ಕೊಡುವಾಗ ಮಗಳು ಆಡಿದ ಮಾತು ಭರಮಪ್ಪನಿಗೆ ನೆನಪಾಯಿತು. ಆದರೂ, ಪೂಜೆ ಮಾಡಿದ ದೇವರನ್ನು ಕಿತ್ತರೆ ಪಾಪ ಬಂದೀತೇನೋ ಎಂದು ಹೆಂಡತಿಯ ಮುಖ ನೋಡಿದ.

ಗಿರಿಯವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಏನ್ರೀ, ಅವನು ನಿಮ್ಮನ್ನ ನೆರಳು ಕೇಳಿದ್ನೇನು? ಹೋಗೋರು ಬರೋರನ್ನ ಕಾಯಾಕ ನಿಂತವನ್ನ ತಂದು ಕಟ್ಟಿ ಹಾಕೀರಿ. ಏಳ್ರಿ, ಎತ್ರಿ, ನಾನೂ ಕೈ ಹಚ್ತೀನಿ."

ಮರುದಿನ ಹೊತ್ತು ಹುಟ್ಟುವಾಗ ಭರಮಪ್ಪ ಹೊರಟ. ಬೆನ್ನ ಮೇಲೆ ಕಲ್ಲು, ಸೊಂಟದಲ್ಲಿ ನೀರಿನ ಸೋರೆಬುರುಡೆ, ಹೆಗಲ ಮೇಲೆ ಉಡ. ನಡೆದ, ನಡೆದ, ನಡೆದ. ಮೊದಲನೇ ಕಲ್ಲು ಬಂತು. "ಶಿವನೇ, ಅದೀಯೇನಪ್ಪಾ?" "ಅದೀನಿ, ನಡಿ." ಉಸುಕು ಕಾದ ಹಂಚಾಯಿತು. ನಡೆದ, ನಡೆದ. ಎರಡನೇ ಕಲ್ಲು. ಹಗ್ಗ ಹೆಗಲನ್ನು ಕೊರೆಯಿತು.

"ಮೆಲ್ಲಕ ನಡಿಯೋ, ನನ್ನ ಉಗುರು ಜಾರ್ತಾವ" ಅಂತು ಉಡ.

"ನೀನು ಇಳದು ನಡಿ, ನಾನು ಮೆಲ್ಲಕ ನಡೀತೀನಿ" ಅಂದ ಭರಮಪ್ಪ. ಉಡ ಉಗುರನ್ನು ಇನ್ನೂ ಬಿಗಿಯಾಗಿ ಊರಿತು.

ಮೂರನೇ ಕಲ್ಲು ದಾಟಿದ ಮೇಲೆ ಏನೂ ಇಲ್ಲ. ಬರೀ ಆಕಾಶ, ಬರೀ ಉಸುಕು, ನಡುವೆ ಎದ್ದ ಧೂಳು. ಹಿಂದಿನ ಕಲ್ಲು ಎಳ್ಳುಕಾಳಿನಷ್ಟು ಆಗುವ ತನಕ ತಿರುತಿರುಗಿ ನೋಡುತ್ತ ನಡೆದು ನಿಂತ.

"ಎಲ್ಲಿ ಇಡಲಿ? ನಿನ್ನ ಬಿಲ ಎಲ್ಲೈತಿ?"

"ಗಾಳಿ ಮುಚ್ಚಿಬಿಟ್ಟೈತಿ. ನನಗೂ ತಿಳೀವಲ್ದು" ಅಂತು ಉಡ.

ನೆತ್ತಿಗೆ ಬಂದ ಹೊತ್ತು. ಆ ಧೂಳಿನಾಚೆ ಎಲ್ಲೋ ಮಗಳು. ಭರಮಪ್ಪ ಕಣ್ಣು ಮುಚ್ಚಿದ. "ಶಿವನೇ, ನಿನ್ನ ಜಾಗ ನಿನಗೇ ಗೊತ್ತು. ನೀನೇ ತೋರಿಸು."

ಆಗ ಧೂಳಿನೊಳಗಿಂದ ಒಣಗಿದ ಒಂದು ಹೆಣ್ಣುದನಿ ಕೇಳಿತಂತೆ: "ಶಿವನೇ, ಅದೀಯೇನಪ್ಪಾ?"

ಐದನೇ ಕಲ್ಲಿಗೆ ಕೈಯಿಟ್ಟು ನಿಂತ ನಿಂಗವ್ವನ ದನಿ ಅದು. ಮುಂದಿನ ಕಲ್ಲು ಕಾಣದೆ ಕೂಗುತ್ತಲೇ ಇದ್ದಳು. ಶಿವನ ಪರವಾಗಿ ಉತ್ತರ ಹೇಳಿಕೊಳ್ಳುವ ಧೈರ್ಯ ಅವತ್ತು ಅವಳಿಗೆ ಬಂದಿರಲಿಲ್ಲ.

ಭರಮಪ್ಪ ಹೊಟ್ಟೆಯ ಉಸಿರೆಲ್ಲ ಒಟ್ಟುಮಾಡಿ ಕೂಗಿದ: "ಅದೀನಿ, ನಡಿ!"

ಅವಳು ಕೇಳಿದಳು, ಇವನು ಓಗೊಟ್ಟ. ಅವಳು ಕೇಳಿದಳು, ಇವನು ಓಗೊಟ್ಟ. ನಿಂತ ಜಾಗದಿಂದ ಭರಮಪ್ಪ ಕದಲಲಿಲ್ಲ. ದನಿ ಹಿಡಿದು ನಡೆದು ನಡೆದು ಮಗಳು ಧೂಳಿನಿಂದ ಹೊರಗೆ ಬಂದಳು.

"ಯಪ್ಪಾ! ನೀನೇನು? ನಾನು ಶಿವನೇ ಅಂತ ತಿಳಿದಿದ್ನಿ."

"ಶಿವ ನನ್ನ ಬೆನ್ನ ಮ್ಯಾಲೆ ಅದಾನವ್ವ. ಸ್ವಲ್ಪ ಹಿಡಕೋ, ಇಳಿಸೋಣು."

ಅಪ್ಪ ಮಗಳು ಉಸುಕು ತೋಡಿ ಅಲ್ಲೇ ಕಲ್ಲನ್ನು ನೆಟ್ಟರು. ಗಾಳಿ ಇಳಿಯಿತು. ಹಿಂದೆ ಮೂರನೆಯದು ಹೊಳೆಯಿತು, ಮುಂದೆ ಐದನೆಯದು ಹೊಳೆಯಿತು. ಇದೇ ಜಾಗ ಹೌದೋ ಅಲ್ಲವೋ ಎಂದು ಕೇಳೋಣವೆಂದರೆ ಉಡದ ಬಾಲ ಮಾತ್ರ ನೆರಳಿನ ಉಸುಕಿನೊಳಗೆ ಇಳಿಯುವುದು ಕಂಡಿತು.

ಬುರುಡೆಯಲ್ಲಿ ಉಳಿದ ನೀರಲ್ಲಿ ಒಂದು ಬೊಗಸೆ ಕಲ್ಲಿಗೆ ಎರೆದು, ಮಿಕ್ಕದ್ದನ್ನು ಮಗಳಿಗೆ ಕುಡಿಸಿ, ಭರಮಪ್ಪ ಅವಳೊಂದಿಗೆ ಊರ ಕಡೆ ಮುಖ ಮಾಡಿದ. ಹೊತ್ತು ಮುಳುಗುವಾಗ ಗಿರಿಯವ್ವ ಬಾಗಿಲಲ್ಲಿ ನಿಂತಿದ್ದಳು.

ಅಂದಿನಿಂದ ಆ ಹಾದಿಯವರು ನಾಲ್ಕನೇ ಕಲ್ಲಿಗೆ ಒಂದು ಬೊಗಸೆ ನೀರು ಎರೆಯುತ್ತಾರೆ. ಅಷ್ಟಿಷ್ಟು ಉಡ ನೆಕ್ಕುತ್ತದೆ. ಅಲ್ಲಿ ಮಾತ್ರ ಯಾರೂ ತಾವೇ ಉತ್ತರ ಹೇಳಿಕೊಳ್ಳುವುದಿಲ್ಲ. ಕೂಗಿ, ತುಸು ಹೊತ್ತು ಕಾಯುತ್ತಾರೆ. ಉತ್ತರ ಬರುತ್ತದೆಯೇ ಅಂತ ಕೇಳಬೇಡಿ. ಕಾದವರೆಲ್ಲ ಮನೆ ಮುಟ್ಟಿದ್ದಾರಂತೆ.

ಆ ಕಲ್ಲಿನ ನೆರಳು ಹಾದಿ ನಡೆಯುವವರ ಮೇಲಿರಲಿ. ಕಥೆ ಹೇಳಿದ ನಮಗೊಂದು ಚೂರು, ಕೇಳಿದ ನಿಮಗೊಂದು ಚೂರು ಸಿಗಲಿ.