ಹೊಸ್ತಿಲ ಮೇಲೆ ಕೂತವಳು

"ಕೇಳ್ರಪ್ಪೋ ಕೇಳಿ! ಅರಮನೆಯ ಹೆರಿಗೆಕೋಣೆಯ ಹೊಸ್ತಿಲ ಮೇಲೆ ಕೂತವಳ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಕೊಡಲಾಗುವುದು. ತಪ್ಪಿದವರ ಉಸಿರು ಅವಳದು!"

ಡಂಗುರ ಕೇಳಿಸಿದಾಗ ಬುಟ್ಟಿ ಹೆಣೆಯುವ ಮಾಚನ ಗುಡಿಸಲಲ್ಲಿ ಅವನ ಹೆಂಡತಿ ದುಗ್ಗಿ ಹೆರಿಗೆಬೇನೆ ತಿನ್ನುತ್ತಿದ್ದಳು. ಹೊಸ್ತಿಲ ಮೇಲೆ ಕೂತವಳು ರಾಜನ ಮೊದಲ ರಾಣಿ, ಹೆರಿಗೆಯಲ್ಲೇ ತೀರಿಕೊಂಡವಳು. ಕಿರಿರಾಣಿಗೆ ಬೇನೆ ಹತ್ತಿದ ದಿನ ಬಂದು ಕೂತಳು. ಅಂದಿನಿಂದ ಪಟ್ಟಣದಲ್ಲಿ ಒಂದು ಕೂಸೂ ಹುಟ್ಟಿರಲಿಲ್ಲ. ಹಸುಗಳೂ ಈಯದೆ ನಿಂತಿದ್ದವು.

"ಇಲ್ಲೇ ಕುಂತ್ರೆ ನಾನೂ ಉಳಿಯಾಕಿಲ್ಲ, ಕೂಸೂ ಉಳಿಯಾಕಿಲ್ಲ. ಹೋಗು," ಎಂದಳು ದುಗ್ಗಿ. ಬೇನೆಗೆ ಮುಂಗೈಯಲ್ಲಿ ಉಗುರೂರಿ ಹಿಡಿದಿದ್ದ ಅವಳ ಕೈ ಬಿಡಿಸಿಕೊಂಡು ಮಾಚ ಹೊರಟ.

ಅರಮನೆಯಲ್ಲಿ ಸತ್ತ ರಾಣಿ ತಲೆಗೂದಲು ಹರವಿಕೊಂಡು ಕೇಳುತ್ತಿದ್ದಳು, "ಒದ್ದರೆ ಬಿಗಿಯುವ, ಕಾದರೆ ತೆರೆಯುವ ಬಾಗಿಲು ಯಾವುದು?"

"ಕೋಟೆಬಾಗಿಲು," ಎಂದ ಸೇನಾಪತಿ. ಅವನಿಗೆ ಬೇರೆ ಬಾಗಿಲಾದರೂ ಎಲ್ಲಿ ಗೊತ್ತು! ಉಸಿರು ನಿಂತು ಬಿದ್ದ. "ಖಜಾನೆ," ಎಂದ ಮಂತ್ರಿಯ ಮಗನೂ ಅವನ ಪಕ್ಕದಲ್ಲೇ ಉರುಳಿದ.

"ತಾಯ ಒಡಲು, ಅವ್ವಾ," ಎಂದ ಮಾಚ. "ಅವಸರ ಮಾಡಿದಷ್ಟೂ ನನ್ನ ದುಗ್ಗಿ ಬಿಗಿಯಾದ್ಲು. ಸುಮ್ಕೆ ಬಿಟ್ಟಾಗ ಸಡಿಲಾದ್ಲು."

"ಮಲಗಿದವಳಿಗೆ ಏರು, ಎದ್ದವಳಿಗೆ ಇಳಿಜಾರು. ಯಾವ ದಾರಿ?"

"ಕೂಸು ಬರೋ ದಾರಿ. ದುಗ್ಗಿ ಮಲಗಾಕೇ ಒಪ್ಪಲಿಲ್ಲ. ಸೂರಿನ ಹಗ್ಗ ಹಿಡ್ಕೊಂಡು ಕುಕ್ಕರುಗಾಲಲ್ಲಿ ಕುಂತವ್ಳೆ."

ಒಳಗೆ ಕಿರಿರಾಣಿ ಮಂಚದ ಮೇಲೆ ಅಂಗಾತ ಬಿದ್ದಿದ್ದಳು, ಕಾಲುಗಳನ್ನು ಕಟ್ಟಿದ್ದರು. ಆ ಅರಮನೆಯ ಪದ್ಧತಿಯೇ ಹಾಗೆ. ಹೆರುವವಳು ಮೈಲಿಗೆಯೆಂದು ಯಾರೂ ಮುಟ್ಟುತ್ತಿರಲಿಲ್ಲ.

"ನಾನು ಕೇಳಿದ್ದು ಒಂದೇ," ಸತ್ತವಳ ದನಿ ನಡುಗಿತು. "ಕೊಟ್ಟವರಿಗೆ ಏನೂ ಕಮ್ಮಿಯಾಗುತ್ತಿರಲಿಲ್ಲ. ಯಾರೂ ಕೊಡಲಿಲ್ಲ. ಏನದು?"

ಮಾಚನಿಗೆ ತಲೆ ತಗ್ಗಿಸಿದಾಗ ತನ್ನ ಮುಂಗೈ ಕಂಡಿತು. ದುಗ್ಗಿಯ ಉಗುರಿನ ಗುರುತು ಇನ್ನೂ ಉರಿಯುತ್ತಿತ್ತು. ಅವನು ಕೈ ಚಾಚಿದ.

ಅವಳು ಹಿಡಿದುಕೊಂಡಳು. ಬಾವಿಯ ತಳದ ನೀರಿಗೆ ಕೈಯಿಟ್ಟಂತಾಯಿತು. ಮೂಳೆ ಲಟಕ್ಕೆನ್ನುವಂತೆ ಹಿಸುಕಿದರೂ ಅವನು ಬಿಡಿಸಿಕೊಳ್ಳಲಿಲ್ಲ. ಎಷ್ಟೋ ವರ್ಷದಿಂದ ಅವಳ ಗಂಟಲಲ್ಲಿ ಉಳಿದಿದ್ದ ಹೆರಿಗೆಯ ಕೂಗು ಅರಮನೆಯನ್ನೆಲ್ಲ ತುಂಬಿತು. ಆಮೇಲೆ ಹೊಸ್ತಿಲ ಮೇಲೆ ಯಾರೂ ಇರಲಿಲ್ಲ.

"ಏನು ಬೇಕು ಕೇಳಪ್ಪ," ಎಂದ ರಾಜ, ತಲೆ ಎತ್ತದೆ.

"ಕಿರಿಯಮ್ಮೋರ ಕಟ್ಟು ಬಿಚ್ಚಿಸಿ, ಬುದ್ಧಿ. ಅವರು ಹೆಂಗೆ ಬೇಕೋ ಹಂಗಿರಲಿ. ನೀವೇ ಹೋಗಿ ಕೈ ಹಿಡ್ಕಳಿ."

ರಾಜ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಕೂಸಿನ ಅಳು ಕೇಳಿತು. ರಾಜ ಹೊದಿಸಿದ ಶಾಲನ್ನೂ ಕೊಟ್ಟ ಹೊಲದ ಪತ್ರವನ್ನೂ ಕಂಕುಳಲ್ಲಿ ಇರುಕಿಕೊಂಡು ಮಾಚ ಮನೆಗೆ ಓಡಿದ.

ದುಗ್ಗಿ ಮಗಳಿಗೆ ಹಾಲೂಡಿಸುತ್ತಿದ್ದಳು. ಮಾಚನ ಕಣ್ಣು ತುಂಬಿತು. "ಆ ಹೊತ್ನಾಗೆ ನಿನ್ನ ಒಬ್ಬಳನ್ನೇ ಬಿಟ್ನಲ್ಲೇ."

"ಒಬ್ಬಳೇ ಎಲ್ಲಿದ್ದೆ? ಯಾರೋ ಅಮ್ಮ ಬಂದು, ಕೂಸು ಬೀಳೋಗಂಟ ಕೈ ಬಿಡಲಿಲ್ಲ," ಎಂದಳು ದುಗ್ಗಿ. "ಪಾಪ, ಆಯಮ್ಮನ ಕೈ ಏಸು ತಣ್ಣಗಿತ್ತು ಅಂತೀಯ."