ಟೀವಿಯೊಳಗಿನ ನೆಂಟರು

ಇದ್ದಳಪ್ಪ ಒಬ್ಬಳು ಅಕ್ಕಯಮ್ಮ, ಶಾಲೆಯ ಬಿಸಿಯೂಟ ಬೇಯಿಸೋಳು. ಅವಳಿಗೊಬ್ಬ ಮಗ, ಮುನಿಶಾಮಿ. ಆಳು ನೋಡಿದರೆ ಬಾಗಿಲಷ್ಟೆತ್ತರ, ತಲೆಯೊಳಗೆ ಮಾತ್ರ ಗಾಳಿ ಬೆಳಕು ಧಾರಾಳ. ಹೇಳಿದ್ದನ್ನು ಹೇಳಿದಂಗೇ ಮಾಡೋನು. ಅದೇ ಅವಳ ಸಂಕಟ.

ಹೆಡ್‌ಮಿಸ್ ವಾರಿಜಾ ಮೇಡಂ ಒಂದಿನ ಅಂದರು: "ಅಕ್ಕಯಮ್ಮ, ಶಾಲೆಗೊಬ್ಬ ಜವಾನ ಬೇಕು. ಈ ತಿಂಗಳು ನಮ್ಮ ಮಕ್ಕಳು ಜಪಾನಿನ ಮಕ್ಕಳ ಜೊತೆ ಟೀವಿಯಲ್ಲಿ ಮಾತಾಡ್ತಾರೆ. ಅದನ್ನ ಸರಿಯಾಗಿ ನೋಡ್ಕೊಂಡ್ರೆ ನಿನ್ನ ಮಗನಿಗೇ ಕೆಲಸ."

ಅವತ್ತಿಂದ ಅಕ್ಕಯಮ್ಮನಿಗೆ ನಿಂತಲ್ಲಿ ನಿಲ್ಲಕ್ಕಾಗಲ್ಲ. ಸಾರು ತಿರುವೋದು, ಕಿಟಕಿಯಲ್ಲಿ ಇಣುಕೋದು. ತಿರುವೋದು, ಇಣುಕೋದು.

ಮೊದಲನೇ ದಿನ ಮೇಡಂ, "ಮುನಿಶಾಮಿ, ಜಪಾನಿನ ಮಕ್ಕಳು ಬರ್ತಾರೆ, ಕೋಣೆ ಸಿದ್ಧ ಮಾಡು" ಅಂದರು. ಮಾಡಿದ! ಐದನೇ ಕ್ಲಾಸನ್ನೆಲ್ಲ ಅಂಗಳಕ್ಕೆ ಅಟ್ಟಿದ, ಬೆಂಚು ಒರೆಸಿದ, ಬಾಗಿಲಿಗೆ ಅಡ್ಡ ನಿಂತ. "ಇದು ಜಪಾನಿನೋರ ಜಾಗ! ನೀವು ಆಮೇಲೆ ಬನ್ರೋ!" ಜಪಾನಿನ ಮಕ್ಕಳು ಟೀವಿಯೊಳಗಿಂದ ಖಾಲಿ ಬೆಂಚುಗಳಿಗೆ ಬಗ್ಗಿ ಬಗ್ಗಿ ನಮಸ್ಕಾರ ಮಾಡಿ ಹೋದರು.

"ಲೋ ಬೆಪ್ಪೇ!" ಅಂದಳು ತಾಯಿ. "ಅವರು ಬೆಂಚಿಗೆ ಬರಲ್ಲ ಕಣೋ, ಟೀವಿಯೊಳಗೇ ಬರ್ತಾರೆ! ಮನೆಗೆ ಬಂದ ನೆಂಟರು ಅನ್ಕೋ. ಎದುರಿಗೆ ಹೋಗಿ ಉಪಚಾರ ಮಾಡ್ಬೇಕು."

"ಅಷ್ಟೇ ತಾನೇ? ಮಾಡ್ತೀನಮ್ಮ!"

ಮಾಡಿದ! ಮುಂದಿನ ಸಲ ಜಪಾನಿನ ಮಕ್ಕಳು ಕಂಡಿದ್ದೇ ತಡ, ಟೀವಿ ಎದುರಿಗೆ ಹೋಗಿ ನಿಂತ. "ಅಷ್ಟು ದೂರದಿಂದ ಬಂದಿದ್ದೀರಿ, ಕುಡೀರವ್ವಾ, ಕುಡೀರಿ!" ಅಂತ ಒಂದು ಚೊಂಬು ಮಜ್ಜಿಗೇನ ಮುಂದಿನ ಸಾಲಿನ ಹುಡುಗಿಯ ಬಾಯಿಗೇ ಹೊಯ್ದ. ಚರ್ರ್ ಅಂತು, ಫಟ್ ಅಂತು, ಜಪಾನು ಕತ್ತಲಾಯಿತು.

ಮೇಡಂ ತಲೆ ಹಿಡ್ಕೊಂಡು ಕೂತರು. "ಇನ್ನೊಂದೇ ಸಲ, ಅಕ್ಕಯಮ್ಮ. ಅವತ್ತು ಬಿಇಓ ಸಾಹೇಬ್ರೂ ಬರ್ತಾರೆ. ಆಗಲೂ ಹಿಂಗಾದ್ರೆ ಕೆಲಸದ ಮಾತೇ ಎತ್ತಬೇಡ."

ಅಕ್ಕಯಮ್ಮ ಮಗನ ಕಿವಿ ಹಿಂಡಿದಳು. "ನೀರು ತಾಗಿದ್ರೆ ಸುಟ್ಟುಹೋಗುತ್ತೆ ಕಣೋ! ಒಂದು ತೊಟ್ಟೂ ಕೊಡಬೇಡ! ಮುಖ ಮಂಕಾಗಿದ್ರೆ ಒಣಬಟ್ಟೇಲಿ ಒರೆಸು, ಅಷ್ಟೇ!"

"ಅಷ್ಟೇ ತಾನೇ? ಒರೆಸ್ತೀನಮ್ಮ!"

ಕಡೇ ಸಲಕ್ಕೆ ಮೇಡಂ ತಮ್ಮ ಸ್ವಂತ ಲ್ಯಾಪ್‌ಟಾಪೇ ತಂದು ಶಾಲೆಯ ವೈಫೈಗೆ ಜೋಡಿಸಿಟ್ಟರು. ಜಪಾನಿನ ಮಕ್ಕಳು ಬಂದರು, ನಮ್ಮ ಮಕ್ಕಳು ಹಾಡು ಶುರುಮಾಡಿದರು. ಆಗ ಬೈಕಲ್ಲಿ ಬಂದಿಳಿದರು ಬಿಇಓ ಸಾಹೇಬ್ರು, ಮುಖದ ತುಂಬ ಧೂಳು.

"ಒಂದು ಲೋಟ ನೀರು ಕೊಡಪ್ಪ."

"ಅಯ್ಯಯ್ಯೋ, ಬೇಡಿ ಸಾರ್! ಸುಟ್ಟುಹೋಗ್ತೀರಿ!" ಅಂದವನೇ ಬೋರ್ಡು ಒರೆಸೋ ಬಟ್ಟೆ ತಗೊಂಡು ಸಾಹೇಬ್ರ ಮುಖವನ್ನ ಮೂಗೂ ಬಿಡದೆ ಉಜ್ಜಿದ. ಮುಖವೆಲ್ಲ ಸೀಮೆಸುಣ್ಣ!

ಲ್ಯಾಪ್‌ಟಾಪೊಳಗೆ ಜಪಾನಿನ ಮಕ್ಕಳು ಬಿದ್ದು ಬಿದ್ದು ನಕ್ಕರು. ನಮ್ಮ ಮಕ್ಕಳೂ ನಕ್ಕರು. ಸಾಹೇಬ್ರು ಬೈಯಕ್ಕೆ ಬಾಯಿ ತೆಗೆದರು, ಬಂದಿದ್ದು ಸೀನು. ಸೀನಿ ಸೀನಿ ಅವರೂ ನಕ್ಕುಬಿಟ್ಟರು. "ಎರಡು ದೇಶಾನ ಒಟ್ಟಿಗೆ ನಗಿಸಿದನಲ್ರೀ ಮೇಡಂ! ಇಟ್ಕೊಳ್ಳಿ ಇವನ್ನ."

ಅಕ್ಕಯಮ್ಮನಿಗೆ ಹೋದ ಜೀವ ಬಂತು. ಮಗನನ್ನ ಬಾಗಿಲ ಮರೆಗೆ ಎಳೆದಳು. "ಬಂದೋರನ್ನ ಹಿಂಗಾ ನೋಡ್ಕೊಳ್ಳೋದು? ಹೊರಡ್ತೀವಿ ಅಂದಾಗ್ಲಾದ್ರೂ ಮರ್ಯಾದೆ ಮಾಡು. ಜೊತೇಲಿ ಹೋಗಿ, ಬಸ್ಸಲ್ಲಿ ಸೀಟು ಹಿಡಿದು ಕೂರಿಸಿ, ಕಳಿಸ್ಕೊಟ್ಟು ಬರ್ಬೇಕು!"

"ಅಷ್ಟೇ ತಾನೇ?"

ಅಕ್ಕಯಮ್ಮ ಸಾಹೇಬ್ರಿಗೆ ಊಟ ಬಡಿಸ್ತಿದ್ದಳು. ಮೇಡಂ ಓಡಿಬಂದರು. "ಲ್ಯಾಪ್‌ಟಾಪ್ ಎಲ್ಲಿ? ಜಪಾನಿನೋರು ಟಾಟಾ ಮಾಡ್ತಿದ್ರು, ತಿರುಗಿ ನೋಡಿದ್ರೆ ಇಲ್ಲ!"

ಅಷ್ಟರಲ್ಲಿ ಬಂದ ಮುನಿಶಾಮಿ, ಏದುಸಿರು ಬಿಡ್ತಾ, ಮುಖ ಅರಳಿಸ್ಕೊಂಡು. "ಕಳಿಸ್ಕೊಟ್ಟೆ ಅಮ್ಮ! ಚಿಂತಾಮಣಿ ಬಸ್ಸು, ಕಿಟಕಿ ಪಕ್ಕದ ಸೀಟೇ ಸಿಕ್ತು! ಪಾಪ, ಅವರಿಗೆ ಹೋಗಕ್ಕೆ ಮನಸ್ಸೇ ಇಲ್ಲ. ನಮ್ಮ ಗೇಟು ದಾಟಿದ ಮೇಲೆ ಎತ್ತಿದ ಕೈನ ಒಬ್ಬರೂ ಇಳಿಸಲಿಲ್ಲ, ಕಣ್ಣೂ ಮಿಟುಕಿಸಲಿಲ್ಲ!"